ಗೇರುಬೀಜದ ಬೆನ್ನು ಹಿಡಿದು ಬಿಸ್ಸಾವ್‌ಗೆ ಬರುವವರಿಗೆ

ಮಂಗಳೂರಿನ ಗೇರುಬೀಜದ ಕಂಪನಿಯೊಂದು ಗಿನಿ-ಬಿಸ್ಸಾವ್‌ಗೆ ಕಳಿಸುತ್ತಿದೆ, ದೇಶ ಹೇಗಿದೆ, ಊಟ, ಕರೆಂಟು, ಆಸ್ಪತ್ರೆಗಳ ಗತಿಯೇನು, ಹೆಂಡತಿ ಮಗುವನ್ನು ಕರೆತರಬಹುದೇ ಎಂದು ಕೇಳಿದ್ದೀರಿ. ಮೊದಲು ಟಿಕೆಟ್ ಸರಿಯಾಗಿ ನೋಡಿಕೊಳ್ಳಿ. ಗಿನಿ ಹೆಸರಿನ ದೇಶಗಳು ಆಫ್ರಿಕಾದಲ್ಲಿ ಇನ್ನೂ ಎರಡಿವೆ. ನೀವು ಬರಬೇಕಾದದ್ದು ಪಶ್ಚಿಮ ಆಫ್ರಿಕಾದಲ್ಲಿ ಸೆನೆಗಲ್‌ನ ದಕ್ಷಿಣಕ್ಕಿರುವ ಪುಟ್ಟ ದೇಶಕ್ಕೆ.

ವಿಸ್ತೀರ್ಣ ಸುಮಾರು 36,000 ಚದರ ಕಿಲೋಮೀಟರ್, ಕರ್ನಾಟಕದ ಐದರಲ್ಲೊಂದು ಪಾಲೂ ಇಲ್ಲ. ಜನಸಂಖ್ಯೆ 20 ಲಕ್ಷಕ್ಕಿಂತ ಸ್ವಲ್ಪ ಹೆಚ್ಚು. ಘಟ್ಟ ಕಂಡವರಿಗೆ ಈ ನೆಲ ತೀರ ಚಪ್ಪಟೆ. ಸಮುದ್ರದ ಭರತದಲ್ಲಿ ಉಪ್ಪುನೀರು ನದಿಗಳಲ್ಲಿ ಬಹುದೂರ ಒಳನುಗ್ಗುತ್ತದೆ. ನಾನು ಬಂದಿಳಿದದ್ದು ಮಾರ್ಚ್‌ನಲ್ಲಿ. ಎಲ್ಲೆಲ್ಲೂ ಕೆಂಪು ದೂಳು, ಮರುದಿನವೇ ವಾಪಸು ಹೋಗೋಣವೆನಿಸಿತ್ತು. ಆಮೇಲೆ ಇಲ್ಲಿನ ಬಲಾಂತಾ ಬುಡಕಟ್ಟಿನ ಜನ ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಕಾಡಿನಂಚಿನಲ್ಲಿ ಒಡ್ಡು ಕಟ್ಟಿ, ಮಳೆನೀರಿನಿಂದ ಉಪ್ಪು ತೊಳೆದು ಭತ್ತ ಬೆಳೆಯುವುದನ್ನು ನೋಡಿದೆ. ನಮ್ಮ ಅಘನಾಶಿನಿಯ ಗಜನಿ ಗದ್ದೆಗಳೇ! ಇಲ್ಲಿ ಬದುಕಬಹುದು ಎಂಬ ಧೈರ್ಯ ಬಂತು.

ಊಟಕ್ಕೆ ಅನ್ನ, ಮೀನು, ಶೇಂಗಾ ಸಾರು. ಹುಣಸೆ ಇಲ್ಲೇ ಸಿಗುತ್ತದೆ, ಬ್ಯಾಡಗಿ ಮೆಣಸು ಮಾತ್ರ ತನ್ನಿ. ಕಚೇರಿಯಲ್ಲಿ ಪೋರ್ಚುಗೀಸ್, ಸಂತೆಯಲ್ಲಿ ಅದರಿಂದಲೇ ಹುಟ್ಟಿದ ಬೆರಕೆ ಆಡುಭಾಷೆ ಕ್ರಿಯೋಲ್; ಕಲಿಯುವುದಾದರೆ ಎರಡನೆಯದನ್ನು ಮೊದಲು ಕಲಿಯಿರಿ. ಕರೆಂಟಿನ ಬಗ್ಗೆ ಏನು ಹೇಳಲಿ? 2023ರ ಅಕ್ಟೋಬರ್‌ನಲ್ಲಿ ಸರಕಾರ ಬಾಕಿ ಕಟ್ಟಲಿಲ್ಲವೆಂದು ಟರ್ಕಿಯವರ ವಿದ್ಯುತ್ ತಯಾರಿಸುವ ಹಡಗು ಇಡೀ ರಾಜಧಾನಿ ಬಿಸ್ಸಾವನ್ನು ಕತ್ತಲಲ್ಲಿಟ್ಟಿತು. ಸೇನೆ ಅಧಿಕಾರ ಕಿತ್ತುಕೊಳ್ಳುವುದೂ ಇಲ್ಲಿ ಅಪರೂಪವಲ್ಲ. 2012ರಲ್ಲಿ ಹಾಗಾಯಿತು, 2025ರ ನವೆಂಬರ್‌ನಲ್ಲಿ ಮತ್ತೆ ಆಯಿತು. ಅಂಥ ದಿನ ಮನೆಯಲ್ಲಿರಿ, ಫೋಟೊ ತೆಗೆಯಬೇಡಿ. ಜನ ಮಾತ್ರ ಸೌಮ್ಯರು.

ನೀವು ಕೇಳದ ಒಂದು ವಿಷಯವಿದೆ. ಈ ದೇಶದ ರಫ್ತಿನಲ್ಲಿ ಸುಮಾರು ಹತ್ತಕ್ಕೆ ಒಂಬತ್ತು ಪಾಲು ಗೇರುಬೀಜ. ಅದರಲ್ಲಿ ಬಹುಪಾಲು ಒಡೆಯದೆಯೇ ಭಾರತಕ್ಕೋ ವಿಯೆಟ್ನಾಂಗೋ ಹಡಗು ಹತ್ತುತ್ತದೆ. ನಮ್ಮಲ್ಲಿ ಮೇ ಕೊನೆಯ ಪತ್ತನಾಜೆಗೆ ಯಕ್ಷಗಾನದ ಮೇಳಗಳು ಗೆಜ್ಜೆ ಬಿಚ್ಚುವ ಹೊತ್ತಿಗೆ ಇಲ್ಲಿ ಲಾರಿಗಳ ಭರಾಟೆ. ಸರಕಾರ ಪ್ರತಿ ವರ್ಷ ಕಿಲೋಗೊಂದು ದರ ಸಾರುತ್ತದೆ, ಆದರೆ ಬೀಜ ಬೀಳುವಾಗ ಎಷ್ಟೋ ಹಳ್ಳಿಮನೆಗಳಲ್ಲಿ ಭತ್ತ ಮುಗಿದಿರುತ್ತದೆ. ಮಧ್ಯವರ್ತಿ ಅಕ್ಕಿ ಮೂಟೆ ಹೇರಿಕೊಂಡೇ ಬರುತ್ತಾನೆ. ಒಳ್ಳೆಯ ವರ್ಷ ಕಿಲೋಗೆ ಕಿಲೋ; ಕೆಟ್ಟ ವರ್ಷ ಒಂದು ಕಿಲೋ ಅಕ್ಕಿಗೆ ಎರಡು ಕಿಲೋ ಬೀಜ. 2020ರಲ್ಲಿ ಕೊರೊನಾದಿಂದಾಗಿ ಭಾರತದ ಖರೀದಿದಾರರು ಬರಲಾಗದೆ ದರ ನೆಲಕಚ್ಚಿತು. 2022ರ ಸೆಪ್ಟೆಂಬರ್‌ನಲ್ಲಿ ಭಾರತ ನುಚ್ಚಕ್ಕಿಯ ರಫ್ತು ನಿಷೇಧಿಸಿತು, ಇಲ್ಲಿನ ಬಡವರು ಉಣ್ಣುವುದೋ ಹೊರಗಿನಿಂದ ಬರುವ ನುಚ್ಚನ್ನೇ. ಬೀಜ ಕೊಳ್ಳುವವರೂ ನಾವು, ಅಕ್ಕಿ ಕಳಿಸುವವರೂ ನಾವು.

ನನ್ನ ತಾಯಿ ಕಾರ್ಕಳದ ಕಡೆ ಗೇರು ಕಾರ್ಖಾನೆಯಲ್ಲಿ ಬೀಜ ಒಡೆದು ನನ್ನನ್ನು ಓದಿಸಿದವರು. ಆ ಬೀಜದಲ್ಲಿ ಎಷ್ಟೋ ಇಲ್ಲಿಂದಲೇ ಹೋದದ್ದಿರಬೇಕು. ಇಲ್ಲಿನ ಹೆಂಗಸರು ಬೀಜ ಹೆಕ್ಕಿ ಚೀಲಕ್ಕೆ ತುಂಬುವಲ್ಲಿಗೆ ಅವರ ಪಾಲು ಮುಗಿಯುತ್ತದೆ. ಇಲ್ಲೂ ಒಡೆದರೇನು ಎಂದು ಮಾಲೀಕರ ಮುಂದೆ ಕೇಳಲು ಹೊರಟು ನಾಲಿಗೆ ಕಚ್ಚಿಕೊಂಡಿದ್ದೇನೆ. ನಮ್ಮ ಸಂಬಳ ನಿಂತಿರುವುದೇ ಬೀಜ ಒಡೆಯದೆ ಹೋಗುವುದರ ಮೇಲೆ. ನೀವೂ ಕೇಳಲಾರಿರಿ. ತೂಕದ ಯಂತ್ರವನ್ನಾದರೂ ನಿಮ್ಮ ಕೈಯಾರೆ ಪರೀಕ್ಷಿಸಿ, ಮಧ್ಯವರ್ತಿಗೆ ಬಿಡಬೇಡಿ.

ಹಳದಿ ಜ್ವರದ ಲಸಿಕೆಯ ಪುಸ್ತಕ ಕೈಚೀಲದಲ್ಲಿರಲಿ. ಮಳೆ ಜೂನ್‌ನಿಂದ ಅಕ್ಟೋಬರ್‌ವರೆಗೆ. ಮಲೇರಿಯಾ ಜೋರು, ದೊಡ್ಡ ಕಾಯಿಲೆಗೆ ಸೆನೆಗಲ್‌ನ ಡಾಕರ್‌ಗೆ ಓಡಬೇಕು. ಆದ್ದರಿಂದ ಮೊದಲ ವರ್ಷ ಹೆಂಡತಿ ಮಗು ಊರಲ್ಲೇ ಇರಲಿ. ಹಂಗಾಮು ಮುಗಿದ ಮೇಲೆ ನೀವೇ ಹೋಗಿಬನ್ನಿ. ಆ ರಜೆಗೆ ಬಾಯಿಮಾತಿನ ಒಪ್ಪಿಗೆ ಸಾಲದು, ವಿಮಾನದ ಖರ್ಚುಸಹಿತ ಒಪ್ಪಂದದಲ್ಲಿ ಬರೆಸಿಕೊಂಡ ಮೇಲೆಯೇ ಸಹಿ ಹಾಕಿ.