ಸಂಗ್ರಹದಲ್ಲಿ ಮೊದಲು ಉಳಿಸಿಕೊಳ್ಳಬೇಕಾದದ್ದು ಯಾವುದು?

ಪ್ರಶ್ನೆ: ನಮ್ಮ ತಂದೆಯವರ ಸಂಗ್ರಹದಲ್ಲಿ 78 ಆರ್‌ಪಿಎಂ ಗ್ರಾಮಫೋನ್ ತಟ್ಟೆಗಳು, ಆಡಿಯೊ ಕ್ಯಾಸೆಟ್‌ಗಳು, ವಿಎಚ್‌ಎಸ್ ಟೇಪುಗಳು ಮತ್ತು 16 ಎಂಎಂ ಫಿಲ್ಮಿನ ಕೆಲವು ರೀಲುಗಳಿವೆ, ನಾನೇ ಕಂಪ್ಯೂಟರಿನಲ್ಲಿ ಬರೆದಿಟ್ಟ ಸಿಡಿಗಳೂ ಇವೆ. ಇವನ್ನೆಲ್ಲ ಡಿಜಿಟಲ್ ರೂಪಕ್ಕೆ ತರುವಾಗ ಅತ್ಯಂತ ಹಳೆಯವಾದ ಗ್ರಾಮಫೋನ್ ತಟ್ಟೆಗಳಿಂದ ಆರಂಭಿಸಬೇಕೆಂದಿದ್ದೇನೆ. ಇದು ಸರಿಯೇ? ಆಮೇಲೆ ಮೂಲಪ್ರತಿಗಳನ್ನು ಇಟ್ಟುಕೊಳ್ಳುವ ಅಗತ್ಯವಿದೆಯೇ?

ಉತ್ತರ: ವಯಸ್ಸನ್ನು ನೋಡಿ ಸರದಿಯನ್ನು ನಿರ್ಧರಿಸಬೇಡಿ. ನಿಮ್ಮಲ್ಲಿರುವ ಅತ್ಯಂತ ಹಳೆಯ ವಸ್ತುವೇ ಬಹುಶಃ ಅತ್ಯಂತ ದೀರ್ಘಾಯುಷಿ; ಕೈಜಾರಿ ಬೀಳದಂತೆ, ಬಿಸಿಲು ತಾಗದಂತೆ, ಒಂದರ ಮೇಲೊಂದು ಪೇರಿಸದೆ ನೆಟ್ಟಗೆ ನಿಲ್ಲಿಸಿಟ್ಟರೆ ಗ್ರಾಮಫೋನ್ ತಟ್ಟೆಗಳು ಇನ್ನೂ ಹಲವು ದಶಕ ಕಾಯುತ್ತವೆ. ಕಾಯಲಾರದವು ಟೇಪುಗಳು. ಪ್ಲಾಸ್ಟಿಕ್ ಪಟ್ಟಿಯ ಮೇಲೆ ಕಾಂತೀಯ ಕಣಗಳನ್ನು ಹಿಡಿದಿಟ್ಟಿರುವ ಅಂಟು ಗಾಳಿಯ ತೇವವನ್ನು ಹೀರಿಕೊಂಡು ಕ್ರಮೇಣ ಸಡಿಲಗೊಳ್ಳಬಹುದು. ಅಂತಹ ಟೇಪು ಓಡುವಾಗ ಕೀರಲು ಸದ್ದು ಮಾಡುತ್ತ, ಯಂತ್ರದ ಹೆಡ್‌ಗೆ ಕಂದು ಪುಡಿಯನ್ನು ಮೆತ್ತುತ್ತ, ತನ್ನಲ್ಲಿರುವ ಧ್ವನಿಯನ್ನೇ ಉದುರಿಸಿಕೊಳ್ಳುತ್ತದೆ. ಈ ಲಕ್ಷಣ ಕಂಡರೆ, ಅಥವಾ ಸುರುಳಿಯಲ್ಲಿ ಬಿಳಿಯ ಬೂಷ್ಟು ಕಾಣಿಸಿದರೆ, ಮತ್ತೊಮ್ಮೆ ಓಡಿಸಿ ನೋಡುವ ಆಸೆಯನ್ನು ಬಿಟ್ಟು ಬಲ್ಲವರ ಕೈಗೆ ಒಪ್ಪಿಸಿ. ಟೇಪು ಸುಸ್ಥಿತಿಯಲ್ಲಿದ್ದರೂ ಅದನ್ನು ಓಡಿಸುವ ಯಂತ್ರ ಸಿಗಬೇಕಲ್ಲವೇ? ವಿಎಚ್‌ಎಸ್ ಯಂತ್ರಗಳನ್ನು ಕೊನೆಯವರೆಗೂ ತಯಾರಿಸುತ್ತಿದ್ದ ಜಪಾನಿನ ಫುನಾಯ್ ಕಂಪನಿ 2016ರಲ್ಲಿ ಅದನ್ನು ನಿಲ್ಲಿಸಿತು. ತಟ್ಟೆ ನುಡಿಸುವ ಟರ್ನ್‌ಟೇಬಲ್‌ಗಳಾದರೋ ಇಂದಿಗೂ ಹೊಸದಾಗಿ ತಯಾರಾಗುತ್ತಿವೆ.

ಟೇಪುಗಳಲ್ಲೂ ಮನೆಯವರ ದನಿ, ಮನೆಯ ಸಮಾರಂಭ ಇರುವವನ್ನು ಮೊದಲು ಎತ್ತಿಕೊಳ್ಳಿ. ಮಾರಾಟಕ್ಕೆ ಬಂದಿದ್ದ ಚಲನಚಿತ್ರದ ಕ್ಯಾಸೆಟ್ ಎಷ್ಟೇ ಅಪರೂಪವೆನಿಸಿದರೂ ಅದರ ಇನ್ನೊಂದು ಪ್ರತಿ ಎಲ್ಲೋ ಒಬ್ಬರ ಬಳಿ ಇದ್ದೀತು, ಮನೆಯ ಧ್ವನಿಮುದ್ರಣಕ್ಕೆ ಆ ಭಾಗ್ಯವಿಲ್ಲ.

ನೀವು ಬರೆದಿಟ್ಟ ಸಿಡಿಗಳ ಮಾಹಿತಿ ನಿಂತಿರುವುದು ಬಣ್ಣದ ಒಂದು ತೆಳು ಪದರದಲ್ಲಿ, ಅದು ಬೆಳಕಿಗೂ ಶಾಖಕ್ಕೂ ಮಾಸುತ್ತದೆ. ನಕಲು ಮಾಡುವುದು ಸುಲಭವಾದ್ದರಿಂದ ಆ ಕೆಲಸವನ್ನು ಇಂದೇ ಮುಗಿಸಿಬಿಡಿ. ಫಿಲ್ಮಿನ ಡಬ್ಬಿಗಳನ್ನು ಮಾತ್ರ ತೆರೆದು ಮೂಸಿ ನೋಡಿ. ವಿನೆಗರ್‌ನಂತಹ ಹುಳಿ ವಾಸನೆ ಬಂದರೆ ಅಸಿಟೇಟ್ ಎಂಬ ಪ್ಲಾಸ್ಟಿಕ್ಕಿನಿಂದಾದ ಫಿಲ್ಮು ಕೊಳೆಯತೊಡಗಿದೆ ಎಂದರ್ಥ. ಹೊಮ್ಮುವ ಆಮ್ಲವೇ ಕೊಳೆತವನ್ನು ಇನ್ನಷ್ಟು ಚುರುಕುಗೊಳಿಸುವುದಲ್ಲದೆ ಪಕ್ಕದ ರೀಲುಗಳನ್ನೂ ಕೆಡಿಸುವುದರಿಂದ, ಅಂತಹದನ್ನು ಬೇರ್ಪಡಿಸಿ, ಗಾಳಿಯಾಡುವ ಡಬ್ಬಿಯಲ್ಲಿ ತಂಪಾದ ಒಣ ಜಾಗದಲ್ಲಿಡಿ. ಕುಗ್ಗಿದ ಫಿಲ್ಮನ್ನು ಪ್ರೊಜೆಕ್ಟರಿಗೆ ಹಾಕಿದರೆ ಅಂಚಿನ ರಂಧ್ರಗಳು ಹರಿಯುತ್ತವೆ; ಅದಕ್ಕೆ ಸ್ಕ್ಯಾನಿಂಗ್ ಒಂದೇ ದಾರಿ.

ಧ್ವನಿಯನ್ನು 24 ಬಿಟ್, 96 ಕಿಲೋಹರ್ಟ್ಸ್‌ನ, ಸಂಕುಚಿಸದ ಡಬ್ಲ್ಯುಎವಿ (WAV) ಕಡತವಾಗಿ ಉಳಿಸಿ; ಸ್ಟೀರಿಯೊದಲ್ಲಿ ಗಂಟೆಗೆ ಸುಮಾರು 2 ಜಿಬಿ ಜಾಗ ಬೇಕಾದೀತು. ಈ ಮೂಲ ಕಡತದಲ್ಲಿ ಗರಗರ ಸದ್ದನ್ನು ತೆಗೆಯುವ ಪ್ರಯತ್ನ ಬೇಡ, ಸದ್ದಿನೊಡನೆ ಹಾಡಿನ ಸೂಕ್ಷ್ಮಗಳೂ ಹೋಗುತ್ತವೆ. ಶುದ್ಧೀಕರಣವೆಲ್ಲ ಕೇಳಲಿಕ್ಕೆಂದು ಮಾಡಿಕೊಂಡ ಬೇರೆ ಪ್ರತಿಯಲ್ಲಿ ನಡೆಯಲಿ. ಒಟ್ಟು ಮೂರು ಪ್ರತಿಗಳಿರಲಿ, ಅವುಗಳಲ್ಲೊಂದು ಮನೆಯ ಹೊರಗಿರಲಿ. ಹಾರ್ಡ್ ಡಿಸ್ಕನ್ನು ಬೀರುವಿನಲ್ಲಿಟ್ಟು ಮರೆತುಬಿಡುವುದು ಟೇಪನ್ನು ಮರೆಯುವುದಕ್ಕಿಂತ ಅಪಾಯಕರ, ವರ್ಷಕ್ಕೊಮ್ಮೆಯಾದರೂ ತೆರೆದು ನೋಡಿ.

ಮೂಲಪ್ರತಿಗಳನ್ನು ಖಂಡಿತ ಇಟ್ಟುಕೊಳ್ಳಿ. ಇಂದಿಗಿಂತ ಉತ್ತಮವಾದ ಉಪಕರಣದಿಂದ ನಾಳೆ ಮತ್ತೆ ತೆಗೆಯಬೇಕಾದೀತು. ಮೇಲಾಗಿ ತಟ್ಟೆಯ ನಡುವೆ ಕೊರೆದಿರುವ, ಆ ಧ್ವನಿಮುದ್ರಣವನ್ನು ಗುರುತಿಸುವ ಮ್ಯಾಟ್ರಿಕ್ಸ್ ಸಂಖ್ಯೆ, ಲೇಬಲ್, ಹೊದಿಕೆಯ ಮೇಲಿನ ಕೈಬರಹ ಇವೆಲ್ಲ ಧ್ವನಿಯ ಕಡತದಲ್ಲಿ ಇರುವುದಿಲ್ಲ. ಅವುಗಳ ಛಾಯಾಚಿತ್ರ ತೆಗೆದು ಕಡತದ ಜೊತೆಯಲ್ಲೇ ಇರಿಸಿ.

ಪ್ರಶ್ನೆ: 78ರ ತಟ್ಟೆಗಳನ್ನು ಸ್ಪಿರಿಟ್‌ನಿಂದ ಒರೆಸಬಹುದೇ?

ಉತ್ತರ: ಕೂಡದು. ಅವುಗಳಲ್ಲಿ ಬಹುಪಾಲು ಅರಗಿನಿಂದ ತಯಾರಾದವು, ಅರಗು ಸ್ಪಿರಿಟ್‌ನಲ್ಲಿ ಕರಗುತ್ತದೆ. ಭಟ್ಟಿ ಇಳಿಸಿದ ನೀರಿಗೆ ಸೌಮ್ಯ ಮಾರ್ಜಕದ ಒಂದೆರಡು ಹನಿ ಬೆರೆಸಿ, ಮೃದುವಾದ ಬ್ರಷ್‌ನಿಂದ ಗೆರೆಗಳ ಗುಂಟ ಉಜ್ಜಿ, ಬರಿಯ ನೀರಿನಿಂದ ತೊಳೆದು ಬೇಗನೆ ಒಣಗಿಸಿ, ಲೇಬಲ್ ನೆನೆಯಬಾರದು. ನುಡಿಸುವಾಗ 78ಕ್ಕೆಂದೇ ಇರುವ, ತುದಿ ಸುಮಾರು 75 ಮೈಕ್ರಾನ್ ಇರುವ ಮುಳ್ಳನ್ನು ಬಳಸಿ. ಆಮೇಲೆ ಬಂದ ಎಲ್‌ಪಿ ತಟ್ಟೆಗಳ 25 ಮೈಕ್ರಾನಿನ ಮುಳ್ಳು ಅಗಲವಾದ ಗೆರೆಯ ತಳಕ್ಕಿಳಿದು, ಹಾಡಿಗಿಂತ ಹೆಚ್ಚಾಗಿ ಅಲ್ಲಿ ಕುಳಿತ ಕೊಳೆಯನ್ನೇ ನಿಮಗೆ ಕೇಳಿಸುತ್ತದೆ.