ಸ್ಮಶಾನಕ್ಕೆ ಹೋಗಲೋ ಬೇಡವೋ ಎಂದು ಕೇಳಿದ ತಮ್ಮನಿಗೆ

ತಮ್ಮಾ,

ರೆಡ್ ವಿಂಗ್‌ಗೆ ಬಂದು ಮೂರು ತಿಂಗಳಾಯಿತು, ಜನ ಕಂಡಾಗ ನಗುತ್ತಾರೆ, ಆದರೆ ಒಬ್ಬರೂ ಹತ್ತಿರವಾಗಿಲ್ಲ ಎಂದು ಬರೆದಿದ್ದೀಯ. ಮೊದಲ ಸಲ ಪಕ್ಕದ ಮನೆಯ ಅಜ್ಜ ಕರೆದಿದ್ದಾರೆ. ಅದೂ ಎಲ್ಲಿಗೆ, ಸ್ಮಶಾನಕ್ಕೆ! ಮೇ ತಿಂಗಳ ಕೊನೆಯ ಸೋಮವಾರ, ಅಂದರೆ ಯುದ್ಧದಲ್ಲಿ ಮಡಿದವರನ್ನು ನೆನೆಯುವ ಮೆಮೋರಿಯಲ್ ಡೇ ದಿನ, ಸೈನಿಕರ ಸಮಾಧಿಗಳಿಗೆ ಬಾವುಟ ನೆಡಲು. ಅಮ್ಮ ಫೋನಿನಲ್ಲಿ "ಸತ್ತವರ ಜಾಗಕ್ಕೆ ನೀನ್ಯಾಕೆ ಹೋಗ್ತೀಯೋ" ಅಂದರಂತೆ.

ಹೋಗು. ಅಮೆರಿಕದ ಮಿನೆಸೋಟಾ ರಾಜ್ಯದ ಈ ಊರಿನಲ್ಲಿ ಇಪ್ಪತ್ತೆರಡು ವರ್ಷ ಬಾಳಿದವಳ ಮಾತು ಇದು. ಮೊದಲ ಒಂಬತ್ತು ವರ್ಷ ನಾನೂ ಹೋಗಿರಲಿಲ್ಲ. ಆಗ ನನಗೆ ಈ ಊರು ಅಂದರೆ ಹಿಮ, ಆಫೀಸು, ಮತ್ತೆ ಹಿಮ.

ಮೊದಲ ಸಲ ಹೋದಾಗ ಒಬ್ಬ ಮುದುಕರು ನನ್ನ ಕೈಗೆ ಮೆತ್ತನೆಯ ಬ್ರಷ್ಷು ಕೊಟ್ಟು, ಒಂದು ಕಲ್ಲು ತೋರಿಸಿದರು. ಮೊಣಕಾಲೆತ್ತರದ ಬಿಳಿ ಅಮೃತಶಿಲೆ, ಮೈಮೇಲೆಲ್ಲ ಪಾಚಿ. ನೀರು ಸುರಿದು ಕೆಳಗಿಂದ ಮೇಲಕ್ಕೆ ನಿಧಾನವಾಗಿ ಉಜ್ಜಿದೆ. ಗುರಾಣಿಯ ಆಕಾರದ ತಗ್ಗಿನೊಳಗೆ ಮೊದಲು ಹೆಸರು ಕಂಡಿತು, ಆಮೇಲೆ ಅದರ ಕೆಳಗಿನ ಸಾಲು: ಕಂಪನಿ ಎಫ್, ಒಂದನೇ ಮಿನೆಸೋಟಾ ಪದಾತಿ. ನನ್ನ ಬೆರಳು ಆ ಅಕ್ಷರಗಳ ಮೇಲೇ ನಿಂತುಬಿಟ್ಟಿತು. ನಮ್ಮೂರು ಸೊರಬದ ಕಡೆ. ಕೆರೆ ಏರಿಯ ಮೇಲೆ ವೀರಗಲ್ಲುಗಳು ಸಾಲಾಗಿ ನಿಂತಿವೆ, ಊರಿನ ತುರು ಕಾಯಲು ಹೋಗಿ ಸತ್ತವರವು. ಶಾಲೆಗೆ ಹೋಗುವಾಗ ಅಜ್ಜಿ ಅವಕ್ಕೊಂದು ಹೂವು ಇಡಿಸುತ್ತಿದ್ದಳು. ಅಮ್ಮನಿಗೆ ಹಾಗೇ ಹೇಳು, ವೀರಗಲ್ಲಿಗೆ ಹೂವಿಡಲು ಹೋಗ್ತಿದ್ದೀನಿ ಅನ್ನು. ಅವರಿಗೆ ಅರ್ಥವಾಗುತ್ತದೆ.

ಆ ಹುಡುಗರು ಯಾರೆಂದು ತಿಳಿದುಕೊಂಡು ಹೋಗು. ಗುಲಾಮಗಿರಿ ಬಿಡಲೊಲ್ಲದ ದಕ್ಷಿಣದ ರಾಜ್ಯಗಳು ಒಕ್ಕೂಟ ಒಡೆದುಕೊಂಡು ಹೋಗಿ, 1861ರ ಏಪ್ರಿಲ್‌ನಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಯಿತು. ಮಿನೆಸೋಟಾ ರಾಜ್ಯವಾಗಿ ಆಗಿನ್ನೂ ಮೂರು ವರ್ಷ ತುಂಬಿರಲಿಲ್ಲ. ಆದರೂ ಸಾವಿರ ಜನ ಕೊಡುತ್ತೇವೆ ಎಂದು ಎಲ್ಲರಿಗಿಂತ ಮೊದಲು ಹೇಳಿದ್ದು ಈ ರಾಜ್ಯದ ಗವರ್ನರ್ ರ‍್ಯಾಮ್ಸಿ. ರೆಡ್ ವಿಂಗ್‌ನಲ್ಲಿ ಸಭೆ ಸೇರಿತು. ಸೈನ್ಯಕ್ಕೆ ಸೇರುವ ಪಟ್ಟಿಯಲ್ಲಿ ಮೊದಲ ಸಹಿ ನನ್ನದೇ ಆಗಬೇಕೆಂದು ಇಬ್ಬರು ಓಡಿದರಂತೆ. ಒಬ್ಬ ಕುರ್ಚಿಗೆ ಎಡವಿ ಬಿದ್ದ, ಇನ್ನೊಬ್ಬ ಸಹಿ ಹಾಕಿದ. ಹಾಕಿದವನು ವಿಲಿಯಂ ಕೋಲ್ವಿಲ್, ಇಲ್ಲಿಯ ವಕೀಲ, ಪತ್ರಿಕೆಯ ಸಂಪಾದಕ. ಕಂಪನಿ ಅಂದರೆ ಸುಮಾರು ನೂರು ಜನರ ತುಕಡಿ. ಒಂದೇ ಊರು, ಒಂದೇ ಕೌಂಟಿ, ಅಣ್ಣತಮ್ಮಂದಿರು, ಅಕ್ಕಪಕ್ಕದ ಹೊಲದವರು. ಹೀಗಾಗಿ ಒಂದು ಕೆಟ್ಟ ದಿನ ಬಂದರೆ ಒಂದಿಡೀ ಬೀದಿಗೆ ಸೂತಕ.

ಆ ದಿನ 1863ರ ಜುಲೈ 2, ಪೆನ್ಸಿಲ್ವೇನಿಯಾದ ಗೆಟ್ಟಿಸ್‌ಬರ್ಗ್ ಕದನ. ಅಷ್ಟರಲ್ಲಿ ಕೋಲ್ವಿಲ್ ಇಂಥ ಹಲವು ಕಂಪನಿಗಳು ಸೇರಿದ ಒಂದನೇ ಮಿನೆಸೋಟಾ ರೆಜಿಮೆಂಟಿನ ಕರ್ನಲ್ ಆಗಿದ್ದ. ದಾರಿಯಲ್ಲಿ ಒಂದು ತೊರೆಯನ್ನು ನೀರಿಗಿಳಿದೇ ದಾಟಬೇಕೆಂದು ಆಜ್ಞೆಯಿತ್ತು. ಕೆಲವು ಸೈನಿಕರು ಕಾಲು ನೆನೆಯದಿರಲೆಂದು ಮರದ ದಿಮ್ಮಿಯ ಮೇಲೆ ದಾಟಿದರು. ಅದಕ್ಕಾಗಿ ಅವನನ್ನೇ ಬಂಧನದಲ್ಲಿಟ್ಟರು. ಬಿಡುಗಡೆಯಾದ ದಿನವೇ ಸಂಜೆ ಸೇನೆಯ ಸಾಲಿನಲ್ಲಿ ಬಿರುಕು ಬಿದ್ದು ಶತ್ರುಗಳು ನುಗ್ಗಿ ಬಂದರು. ಹಿಂದಿನಿಂದ ನೆರವು ಬರುವ ತನಕ ಕೆಲವೇ ನಿಮಿಷ ತಡೆಯಬೇಕು. ಜನರಲ್ ಹ್ಯಾನ್ಕಾಕ್ ಕೈಗೆ ಸಿಕ್ಕ ಈ ಸಣ್ಣ ದಂಡನ್ನು ಮುಂದೆ ಕಳಿಸಿದ. ಶತ್ರುಗಳ ಮೇಲೆ ನುಗ್ಗಿದವರು 262, ಸತ್ತವರೂ ಗಾಯಗೊಂಡವರೂ ಸೇರಿ 215 ಎಂಬುದು ಇಲ್ಲಿ ಎಲ್ಲರ ಬಾಯಲ್ಲಿರುವ ಲೆಕ್ಕ. ಬಾವುಟ ಐದು ಸಲ ನೆಲಕ್ಕೆ ಬಿತ್ತು, ಐದು ಸಲವೂ ಇನ್ನೊಬ್ಬ ಎತ್ತಿಕೊಂಡ. ಸಾಲು ಒಡೆಯಲಿಲ್ಲ.

ನಮ್ಮ ಊರಿನ ಎಫ್ ಕಂಪನಿ ಆ ದಾಳಿಯಲ್ಲಿ ಇರಲಿಲ್ಲ! ಅವರನ್ನು ಬೇರೆ ಕಡೆ ಕಳಿಸಿದ್ದರು. ಮರಳಿ ಬಂದು ತಮ್ಮವರ ಗತಿ ಕಂಡರು, ಮರುದಿನ ಉಳಿದವರ ಜೊತೆ ತಾವೂ ನಿಂತು ಹೋರಾಡಿದರು. ಬದುಕುಳಿದು ಊರಿಗೆ ಬಂದವರು ಆ ಒಂದು ಸಂಜೆಯನ್ನು ಹೇಗೆ ಹೊತ್ತು ಬಾಳಿದರೋ ಎಂದು ಕಲ್ಲು ತೊಳೆಯುವಾಗಲೆಲ್ಲ ನೆನೆಯುತ್ತೇನೆ. ಭುಜಕ್ಕೂ ಪಾದಕ್ಕೂ ಗುಂಡು ತಗುಲಿದ್ದ ಕೋಲ್ವಿಲ್ 1905ರವರೆಗೆ ಬದುಕಿದ್ದ. ಹಳೆಯ ಬಾವುಟಗಳನ್ನು ಹೊಸ ವಿಧಾನಸಭಾ ಕಟ್ಟಡಕ್ಕೆ ಮೆರವಣಿಗೆಯಲ್ಲಿ ಒಯ್ಯುವುದಿತ್ತು. ಅದಕ್ಕೆಂದೇ ಬಂದವನು ಮೆರವಣಿಗೆಗೆ ಮುಂಚೆಯೇ ನಿದ್ದೆಯಲ್ಲಿ ತೀರಿಕೊಂಡ. ಸಮಾಧಿ ಕ್ಯಾನನ್ ಫಾಲ್ಸ್‌ನಲ್ಲಿದೆ, ಕಾರಿನಲ್ಲಿ ಅರ್ಧ ಗಂಟೆ. ಒಂದು ಭಾನುವಾರ ಕರೆದುಕೊಂಡು ಹೋಗುತ್ತೇನೆ.

"ಇದು ಅವರ ಕಥೆ, ನಾನು ಹೊರಗಿನವನು" ಅನ್ನಿಸಬಹುದು. ನನಗೂ ಅನ್ನಿಸಿತ್ತು. ಆದರೆ ಕೋಲ್ವಿಲ್ ನ್ಯೂಯಾರ್ಕ್ ರಾಜ್ಯದಿಂದ ಇಲ್ಲಿಗೆ ಬಂದದ್ದೇ 1854ರಲ್ಲಿ, ಯುದ್ಧಕ್ಕೆ ಏಳು ವರ್ಷ ಮುಂಚೆ. ಪಕ್ಕದ ವಾಸಾದಲ್ಲಿ ನೆಲೆಸಿದ್ದ ಹ್ಯಾನ್ಸ್ ಮ್ಯಾಟ್ಸನ್ ಸ್ವೀಡನ್ನಿನವನು. ತನ್ನಂತೆಯೇ ವಲಸೆ ಬಂದ ಸ್ವೀಡಿಷ್, ನಾರ್ವೇಜಿಯನ್ ರೈತರನ್ನು ಕೂಡಿಸಿ ಮೂರನೇ ಮಿನೆಸೋಟಾ ರೆಜಿಮೆಂಟಿನ ಡಿ ಕಂಪನಿ ಕಟ್ಟಿದ. ಮುಂದೆ ಅವನು 1881ರಲ್ಲಿ ಅಮೆರಿಕದ ಕಾನ್ಸುಲ್ ಜನರಲ್ ಆಗಿ ಹೋದದ್ದು ನಮ್ಮ ಕಲ್ಕತ್ತೆಗೆ! ನಿನ್ನ ಹಾಗೆ ಹೊಸಬರೇ ತಮ್ಮಾ, ಇವರೆಲ್ಲ. ಮನೆಯ ಮಾಡು ಸರಿಯಾಗಿ ಗಟ್ಟಿಯಾಗುವ ಮೊದಲೇ ಸಹಿ ಹಾಕಿದವರು.

ಒಂದು ಮಾತು ಮುಚ್ಚಿಡಲಾರೆ. ರೆಡ್ ವಿಂಗ್ ಎಂಬುದು ಈ ನೆಲದ ಮೂಲನಿವಾಸಿಗಳಾದ ಡಕೋಟಾ ಜನರ ಮುಖ್ಯಸ್ಥರ ಹೆಸರು. 1862ರಲ್ಲಿ ಅದೇ ಮೂರನೇ ರೆಜಿಮೆಂಟಿನ ಸೈನಿಕರು ಡಕೋಟಾ ಜನರ ಮೇಲೂ ಯುದ್ಧ ಮಾಡಿದರು. ಆ ಡಿಸೆಂಬರ್ 26ರಂದು ಮ್ಯಾಂಕೇಟೊದಲ್ಲಿ 38 ಡಕೋಟಾ ಗಂಡಸರನ್ನು ಒಂದೇ ಸಲಕ್ಕೆ ಗಲ್ಲಿಗೇರಿಸಲಾಯಿತು. ಕಲ್ಲು ತೊಳೆಯುವಾಗ ಇದೂ ನೆನಪಿರಲಿ.

ಇನ್ನು ಸೋಮವಾರದ ವಿಷಯ. ಯಾರಿಗೂ ಹಬ್ಬದ ಶುಭಾಶಯ ಹೇಳಬೇಡ. ಗೌರವಕ್ಕೆ ಬಂದೂಕು ಹಾರಿಸುತ್ತಾರೆ, ಬೆಚ್ಚಬೇಡ. ತುತ್ತೂರಿ ನುಡಿಸುವಾಗ ಟೋಪಿ ತೆಗೆದು ಸುಮ್ಮನೆ ನಿಲ್ಲು. ತಂತಿ ಬ್ರಷ್ಷು, ಬ್ಲೀಚು ಮುಟ್ಟಲೇಬೇಡ, ಕಲ್ಲು ಹಾಳಾಗುತ್ತದೆ. ಅಜ್ಜ ಹೆಸರುಗಳನ್ನು ಓದಲು ಹೇಳಿದರೆ ಹಿಂಜರಿಯದೆ ಓದು, ಉಚ್ಚಾರ ತಪ್ಪಿದರೆ ಅವರೇ ತಿದ್ದುತ್ತಾರೆ.

ಎಂಟು ಗಂಟೆಗೆ ಗೇಟಿನ ಹತ್ತಿರ ಇರುತ್ತೇನೆ. ಬ್ರಷ್ಷು ನನ್ನ ಹತ್ತಿರ ಎರಡಿವೆ, ನೀನು ನೀರಿನ ಕ್ಯಾನು ತಾ. ಮುಗಿದ ಮೇಲೆ ನಮ್ಮನೆಗೇ ಬಾ. ಸ್ನಾನಕ್ಕೆ ಬಿಸಿನೀರು, ಊಟಕ್ಕೆ ತಂಬುಳಿ ಅನ್ನ. ಅಷ್ಟನ್ನೂ ಅಮ್ಮನಿಗೆ ಹೇಳಿಬಿಡು.