ಟ್ರಂಕಿನಲ್ಲಿ ಉಳಿದ ಫ್ಲಾಪಿಗಳು: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಮ್ಮ ತಂದೆಯವರು 1991ರಿಂದ ಗುಳೇದಗುಡ್ಡದಲ್ಲಿ ಸಣ್ಣ ಮುದ್ರಣಾಲಯ ನಡೆಸುತ್ತಿದ್ದರು. ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ಭಜನಾ ಪದಗಳ ಪುಸ್ತಿಕೆ ಎಲ್ಲವನ್ನೂ ಕಂಪ್ಯೂಟರಿನಲ್ಲೇ ಜೋಡಿಸುತ್ತಿದ್ದರು. ಅವರು ತೀರಿಕೊಂಡ ಮೇಲೆ 286 ಎಂಬ ಹಳೆಯ ಮಾದರಿಯ ಒಂದು ಕಂಪ್ಯೂಟರ್ ಮತ್ತು ಅವ್ವ ಖಣದ ಬಟ್ಟೆಯಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟ ನೂರರಷ್ಟು ದೊಡ್ಡ ಫ್ಲಾಪಿಗಳು ಉಳಿದಿವೆ. ಅಂಗಡಿಯವರು ಕೊಟ್ಟ ಯುಎಸ್‌ಬಿ ಡ್ರೈವಿನಲ್ಲಿ ಅವು ಹಿಡಿಸಲಿಲ್ಲ. ಕಂಪ್ಯೂಟರನ್ನು ಗುಜರಿಗೆ ಹಾಕಿ ಫ್ಲಾಪಿಗಳನ್ನು ಮಾತ್ರ ಇಟ್ಟುಕೊಂಡರೆ ಸಾಕೇ?
— ಓದುಗರೊಬ್ಬರು, ಬಾಗಲಕೋಟೆ

ಉತ್ತರ: ಸಾಲದು. ಏಕೆಂಬುದನ್ನು ಮುಂದೆ ಹೇಳುತ್ತೇನೆ. ಆದರೆ ಮೊದಲು ಕೈಹಾಕಬೇಕಾದದ್ದು ಫ್ಲಾಪಿಗಳಿಗೇ.

ಅವು ಐದೂಕಾಲು ಇಂಚಿನವು. ಪೇಟೆಯಲ್ಲಿ ಸಿಗುವ ಯುಎಸ್‌ಬಿ ಡ್ರೈವ್ ಮೂರೂವರೆ ಇಂಚಿನವುಗಳಿಗಾಗಿ ಮಾಡಿದ್ದು. ಐದೂಕಾಲು ಇಂಚಿನವುಗಳಲ್ಲಿ ಆ ಕಾಲಕ್ಕೆ ಹೆಚ್ಚಾಗಿ ಬಳಕೆಯಲ್ಲಿದ್ದವು ಎರಡು ಬಗೆ, 360 ಕೆಬಿ ಮತ್ತು 1.2 ಎಂಬಿ. 286 ಕಂಪ್ಯೂಟರುಗಳಲ್ಲಿ ಸಾಮಾನ್ಯವಾಗಿದ್ದ 1.2 ಎಂಬಿ ಡ್ರೈವ್ ಎರಡನ್ನೂ ಓದಬಲ್ಲದು, ಆದರೆ 360 ಕೆಬಿಯ ಫ್ಲಾಪಿಯ ಮೇಲೆ ಅದರಿಂದ ಏನನ್ನೂ ಬರೆಯಿಸಬಾರದು. ಹಳೆಯ ಡ್ರೈವ್ 40 ಅಗಲವಾದ ಸುತ್ತುಗಳಲ್ಲಿ ಬರೆದಿರುವ ಜಾಗದಲ್ಲಿ ಇದು 80 ಸುತ್ತುಗಳಿಗೆಂದು ಮಾಡಿದ ಕಿರಿದಾದ ಹೆಡ್ಡಿನಿಂದ (ಫ್ಲಾಪಿಯನ್ನು ಮುಟ್ಟಿ ಓದುವ, ಬರೆಯುವ ಭಾಗ) ಬರೆಯುವುದರಿಂದ, ಹಳೆಯ ಬರಹ ಅಂಚಿನಲ್ಲಿ ಹಾಗೆಯೇ ಉಳಿದು ಹೊಸದರೊಡನೆ ಕಲಸಿಹೋಗುತ್ತದೆ. ಆದ್ದರಿಂದ ಫ್ಲಾಪಿಯ ಪಕ್ಕದಲ್ಲಿರುವ ಚೌಕ ಕಚ್ಚಿನ ಮೇಲೆ ಬೆಳಕು ಹಾಯದ ಪಟ್ಟಿಯನ್ನು ಅಂಟಿಸಿ, ಆಮೇಲೆಯೇ ಡ್ರೈವಿಗೆ ಹಾಕಬೇಕು.

ಓದುವುದಕ್ಕೂ ಆ 286ನ್ನೇ ಚಾಲೂ ಮಾಡಬೇಕಾಗಿಲ್ಲ. ಅದರ ಡ್ರೈವನ್ನು ಹೊರತೆಗೆದು, 5 ಮತ್ತು 12 ವೋಲ್ಟಿನ ವಿದ್ಯುತ್ ಕೊಟ್ಟು, 34 ಪಿನ್ನಿನ ಕೇಬಲ್ ಮೂಲಕ ಗ್ರೀಸ್‌ವೀಝಲ್ ಎಂಬ ಪುಟ್ಟ ಬೋರ್ಡಿಗೆ ಜೋಡಿಸಿದರೆ, ಇಂದಿನ ಯಾವ ಲ್ಯಾಪ್‌ಟಾಪಿನ ಯುಎಸ್‌ಬಿಗಾದರೂ ಅದನ್ನು ಸಿಕ್ಕಿಸಬಹುದು. ಅದು ಕಡತಗಳನ್ನು ಒಂದೊಂದಾಗಿ ನಕಲಿಸುವುದಿಲ್ಲ. ಫ್ಲಾಪಿಯ ಮೇಲಿನ ಕಾಂತೀಯ ಬದಲಾವಣೆಗಳನ್ನು ಇದ್ದದ್ದು ಇದ್ದಂತೆ ದಾಖಲಿಸಿಕೊಳ್ಳುತ್ತದೆ. ಇಂದು ಓದಲಾಗದ ಭಾಗವನ್ನು ಆ ದಾಖಲೆಯಿಂದಲೇ ನಾಳೆ ಬಿಡಿಸಿಕೊಳ್ಳುವ ಅವಕಾಶ ಇದರಿಂದ ಉಳಿಯುತ್ತದೆ. ಅದರಿಂದ ಬಿಡಿಸಿಕೊಂಡ 360 ಕೆಬಿಯ ಪ್ರತಿಗಳು ನೂರಿದ್ದರೂ ಒಟ್ಟು 36 ಎಂಬಿ ಆಗುತ್ತವೆ, ಅಂದರೆ ಮೊಬೈಲಿನ ಹತ್ತು ಫೋಟೊಗಳಷ್ಟು. ಜೊತೆಗೆ ತಂದೆಯವರ ಕೈಬರಹವಿರುವ ಚೀಟಿ, ಕವರುಗಳ ಚಿತ್ರ ತೆಗೆದಿಡಿ. ಯಾವ ಊರಿನ ಜಾತ್ರೆ, ಯಾರ ಲಗ್ನ ಎಂಬುದು ಎಷ್ಟೋ ಸಲ ಆ ಚೀಟಿಯಲ್ಲಿ ಮಾತ್ರ ಇರುತ್ತದೆ.

ಇನ್ನು ಕಂಪ್ಯೂಟರ್. ಆ ಕಾಲದ ಹೆಚ್ಚಿನ ಕನ್ನಡ ಡಿಟಿಪಿ ತಂತ್ರಾಂಶಗಳು ಅಕ್ಷರವನ್ನು ಅಕ್ಷರವಾಗಿ ಉಳಿಸುತ್ತಿರಲಿಲ್ಲ. ತಲೆಕಟ್ಟು, ಕೊಂಬು, ಒತ್ತು ಎಲ್ಲವೂ ಬೇರೆ ಬೇರೆ ತುಂಡುಗಳಾಗಿ, ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಮೇಲೆ ಕೂತಿರುತ್ತಿದ್ದವು, ಮತ್ತು ಯಾವ ತುಂಡು ಯಾವ ಸಂಕೇತಕ್ಕೆ ಎಂಬುದು ಕಂಪನಿಯಿಂದ ಕಂಪನಿಗೆ ಬದಲಾಗುತ್ತಿತ್ತು. ಆ ಫಾಂಟ್ ಇಲ್ಲದೆ ಕಡತ ತೆರೆದರೆ ಭಜನೆಯ ಪದವೂ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣುತ್ತದೆ. ಫಾಂಟ್ ಇರುವುದು ಆ ಕಂಪ್ಯೂಟರಿನ ಹಾರ್ಡ್ ಡಿಸ್ಕಿನಲ್ಲಿ. ಪುಣೆಯ ಸಿ-ಡ್ಯಾಕ್‌ನ ಭಾರತೀಯ ಲಿಪಿಗಳಿಗಾಗಿನ ಜಿಸ್ಟ್ ಕಾರ್ಡ್ ಒಳಗಿದ್ದರೆ ನಿಮ್ಮ ಅದೃಷ್ಟ. ಅದು ಪ್ರತಿ ಅಕ್ಷರಕ್ಕೂ ಒಂದು ಸಂಕೇತವಿರುವ ಇಸ್ಕಿ ಪದ್ಧತಿಯದು, 1991ರಲ್ಲಿ ಭಾರತೀಯ ಮಾನಕವಾದದ್ದು, ಯುನಿಕೋಡ್‌ಗೆ ತರುವುದು ಕಷ್ಟವಲ್ಲ. ಹಿಂಬದಿಯ ಪ್ರಿಂಟರ್ ಕಿಂಡಿಗೆ ಬೆಂಕಿಪೊಟ್ಟಣದಷ್ಟು ದೊಡ್ಡ ಪ್ಲಗ್ ಸಿಕ್ಕಿಸಿದ್ದರೆ ಅದನ್ನೂ ಕಳೆಯಬೇಡಿ. ಅದು ತಂತ್ರಾಂಶದ ಲಾಕ್. ಅದಿಲ್ಲದಿದ್ದರೆ ತಂತ್ರಾಂಶ ತೆರೆಯದೆ ಹೋಗಬಹುದು.

ಕಂಪ್ಯೂಟರಿಗೆ ಕರೆಂಟು ಕೊಡುವ ಮುನ್ನ ಮುಚ್ಚಳ ತೆರೆದು, ಮದರ್‌ಬೋರ್ಡಿನ ಮೇಲೆ ಪೀಪಾಯಿಯ ಆಕಾರದ ಬ್ಯಾಟರಿ ಇದೆಯೇ ನೋಡಿ, ಇದ್ದರೆ ಕತ್ತರಿಸಿ ತೆಗೆಸಿಬಿಡಿ. ಆ ನಿಕಲ್-ಕ್ಯಾಡ್ಮಿಯಂ ಬ್ಯಾಟರಿಗಳು ಸೋರಿ ಸುತ್ತಲಿನ ತಾಮ್ರದ ಗೆರೆಗಳನ್ನು ತಿನ್ನುತ್ತವೆ. ಸೋರಿದ್ದು ಕ್ಷಾರವಾದ್ದರಿಂದ ಮೊದಲು ಬಿಳಿ ವಿನೆಗರ್‌ನಿಂದ, ಆಮೇಲೆ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಬೇಕು. ಹಾರ್ಡ್ ಡಿಸ್ಕಿಗೆ ಎರಡು ಚಪ್ಪಟೆ ಕೇಬಲ್ ಬಂದಿದ್ದರೆ ಅವು ಸೇರುವ ಕಾರ್ಡನ್ನೂ ಡಿಸ್ಕನ್ನೂ ಅಗಲಿಸಬೇಡಿ, ಏಕೆಂದರೆ ಒಂದು ಕಾರ್ಡ್ ಸಿದ್ಧಪಡಿಸಿದ ಡಿಸ್ಕನ್ನು ಇನ್ನೊಂದು ಬಗೆಯ ಕಾರ್ಡ್ ಓದುತ್ತದೆಂಬ ಭರವಸೆಯಿಲ್ಲ.

ಖಣದ ಬಟ್ಟೆಯಿಂದ ಹಾನಿಯಿಲ್ಲ. ಧೂಳು ತಡೆದು ತಾಯಿಯವರು ಉಪಕಾರವನ್ನೇ ಮಾಡಿದ್ದಾರೆ. ನುಸಿಗುಳಿಗೆ ಹಾಕಿದ್ದರೆ ಮಾತ್ರ ತೆಗೆಯಿರಿ, ಅದರ ಆವಿಗೆ ಕೆಲವು ಪ್ಲಾಸ್ಟಿಕ್‌ಗಳು ಮೆತ್ತಗಾಗುತ್ತವೆ. ಟ್ರಂಕು ತಗಡಿನ ಮಾಡಿನ ಕೆಳಗೆ ಇರಬಾರದು.

ಪ್ರಶ್ನೆ: ನನ್ನ ಹಳೆಯ ಫ್ಲಾಪಿಗಳ ಕಿಂಡಿಯಲ್ಲಿ ಬಿಳಿ ಚುಕ್ಕೆಗಳು ಕಾಣುತ್ತಿವೆ. ಕಾಂತಶಕ್ತಿ ಕುಂದಿ ಹೀಗಾಗಿದೆಯೇ?
— ನಿವೃತ್ತ ಉಪನ್ಯಾಸಕರು, ಟಿಳಕವಾಡಿ, ಬೆಳಗಾವಿ

ಉತ್ತರ: ಅಲ್ಲ, ಅದು ಬೂಷ್ಟು. ಒಣಗಿದ ಜಾಗದಲ್ಲಿದ್ದರೆ ಫ್ಲಾಪಿಯ ಕಾಂತೀಯ ಬರಹ ದಶಕಗಳವರೆಗೂ ನಿಲ್ಲುತ್ತದೆ. ಬೆಳಗಾವಿಯ ಮಳೆಗಾಲದ ತೇವವೇ ಅದರ ವೈರಿ. ವಿಜಯಪುರದ ಸೆಕೆಯನ್ನು ಬೈಯುವವರೂ ಈ ಮಟ್ಟಿಗೆ ಅದನ್ನು ಮೆಚ್ಚಬೇಕು. ಇಂಥ ಫ್ಲಾಪಿಯನ್ನು ಡ್ರೈವಿಗೆ ಹಾಕಲೇಬೇಡಿ. ಹೆಡ್ಡು ಬೂಷ್ಟನ್ನು ಉಜ್ಜುವಾಗ ಕಂದು ಲೇಪವೂ ಕೆರೆದುಬರುತ್ತದೆ, ಮುಂದಿನ ಫ್ಲಾಪಿಗೂ ಅದು ಅಂಟುತ್ತದೆ. ಐದೂಕಾಲು ಇಂಚಿನದಾದರೆ ಹೊದಿಕೆಯ ಒಂದು ಅಂಚನ್ನು ಮೆಲ್ಲಗೆ ಕತ್ತರಿಸಿ, ಒಳಗಿನ ತಟ್ಟೆಯನ್ನು ಕೈಗವಸು ಹಾಕಿಕೊಂಡು ಹೊರತೆಗೆದು, ಒಂದು ಹನಿ ಪಾತ್ರೆ ತೊಳೆಯುವ ದ್ರವ ಬೆರೆಸಿದ ಡಿಸ್ಟಿಲ್ಡ್ ವಾಟರಿನಲ್ಲಿ ಮೆತ್ತನೆಯ ಬಟ್ಟೆಯಿಂದ ಒರೆಸಿ, ಬರಿಯ ಡಿಸ್ಟಿಲ್ಡ್ ವಾಟರಿನಲ್ಲಿ ಜಾಲಿಸಿ, ನೆರಳಿನಲ್ಲಿ ಪೂರ್ತಿ ಒಣಗಿಸಬೇಕು. ಆಮೇಲೆ ಬೇಡವಾದ ಇನ್ನೊಂದು ಫ್ಲಾಪಿಯ ಶುಚಿಯಾದ ಹೊದಿಕೆಯೊಳಗೆ, ಮೇಲಿನ ಮಗ್ಗುಲು ಬದಲಾಗದಂತೆ, ಸೇರಿಸಿ ಒಮ್ಮೆ ಓದಿಸಿ. ಮೊದಲು ಬೆಲೆಯಿಲ್ಲದ ಒಂದರ ಮೇಲೆ ಕೈ ಪಳಗಿಸಿಕೊಳ್ಳಿ.

ಪ್ರಶ್ನೆ: ಗುಜರಿಯಲ್ಲಿ ಸಿಕ್ಕ ಬಿಬಿಸಿ ಮೈಕ್ರೊ ಕಂಪ್ಯೂಟರನ್ನು ಚಾಲೂ ಮಾಡಿದ ಹತ್ತೇ ನಿಮಿಷಕ್ಕೆ ದಟ್ಟ ಹೊಗೆ ಬಂತು. ಅದರ ಕಥೆ ಮುಗಿದಂತೆಯೇ?
— ಓದುಗರೊಬ್ಬರು, ವಿಜಯಪುರ

ಉತ್ತರ: ಬಹುಶಃ ಇಲ್ಲ. ಕೇಂದ್ರ ಸರ್ಕಾರ 1984ರಲ್ಲಿ ಆರಂಭಿಸಿದ, ಮಕ್ಕಳಿಗೆ ಕಂಪ್ಯೂಟರ್ ಕಲಿಸುವ ಕ್ಲಾಸ್ ಎಂಬ ಯೋಜನೆಯಲ್ಲಿ ನಮ್ಮ ದೇಶದ ಶಾಲೆಗಳಿಗೆ ಬಂದದ್ದು ಇದೇ ಯಂತ್ರ. ಇದರ ಪವರ್ ಸಪ್ಲೈಯಲ್ಲಿರುವ ಕಾಗದದ ಕೆಪಾಸಿಟರುಗಳ ಹೊರಕವಚ ಬಿರುಕುಬಿಟ್ಟು, ತೇವ ಒಳಸೇರಿ ಸುಟ್ಟುಹೋಗುವುದು ಎಲ್ಲರಿಗೂ ಗೊತ್ತಿರುವ ಕಾಯಿಲೆ. ಮುಖ್ಯ ಬೋರ್ಡಿಗೆ ಸಾಮಾನ್ಯವಾಗಿ ಪೆಟ್ಟಾಗುವುದಿಲ್ಲ. ಹಳೆಯವುಗಳಷ್ಟೇ ಸಾಮರ್ಥ್ಯದ, ಎಕ್ಸ್2 ಎಂಬ ಸುರಕ್ಷತಾ ಗುರುತಿನ ಹೊಸ ಕೆಪಾಸಿಟರುಗಳನ್ನು ಹಾಕಿಸಿ. ಪ್ಲಗ್ ಕಿತ್ತ ಮೇಲೂ ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ 300 ವೋಲ್ಟಿಗಿಂತ ಹೆಚ್ಚು ಉಳಿದಿರಬಹುದಾದ್ದರಿಂದ ಪವರ್ ಸಪ್ಲೈಯನ್ನು ನೀವೇ ಬಿಚ್ಚದೆ, ಟಿವಿ ರಿಪೇರಿ ಬಲ್ಲ ಹಳೆಯ ಮೆಕ್ಯಾನಿಕ್ ಒಬ್ಬರ ಕೈಗೆ ಕೊಡಿ.